ಮುಯ್ಯಾಳು

ಅನಂತರಾಜು ಬಂದೇಬಿಟ್ಟಿದ್ದ. ರೇಷ್ಮೆಹುಳದ ಮನೆಯ ಹೊಸ್ತಿಲ ಆಚೆ, ಚಪ್ಪಲಿಯನ್ನೂ ಬಿಡದೆ ನಿಂತಿದ್ದ. ಒಳಗೆ ತಟ್ಟೆಯ ಮೇಲೆ ಬಗ್ಗಿ ಹಣ್ಣುಹುಳ ಆಯುತ್ತಿದ್ದ ಸೌಮ್ಯ ತಲೆ ಎತ್ತಲಿಲ್ಲ. ಸೊಪ್ಪಿನ ಮೇಲೆ ಬಿದ್ದಿದ್ದ ಬೆಳಕು ಅರ್ಧ ಕಡಿಮೆಯಾದಾಗಲೇ ಅವನೆಂದು ಗೊತ್ತಾಗಿತ್ತು. ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಬರದಿದ್ದರೆ ಎಷ್ಟು ಸಲೀಸಾಗಿತ್ತು. ಬರದವನನ್ನು ಮನಸ್ಸಿನಲ್ಲೇ ಬೈದುಕೊಂಡು ದಿನ ದೂಡಬಹುದು. ಬಂದು, ಒಳಗೂ ಕಾಲಿಡದೆ ಹೊರಗೂ ಹೋಗದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಿಂತವನನ್ನು ಏನು ಮಾಡುವುದು? ಈ ನಾಲ್ಕು ವರ್ಷ ಅವನು ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ಲವೇ ಅನ್ನಿಸಿ ರೇಗಿತು. ಕೈಯಲ್ಲಿದ್ದ ಹುಳ, ಹಣ್ಣಾದ ಹುಳಗಳೆಲ್ಲ ಗೂಡು ಕಟ್ಟುವ ಮುಂಚೆ ಮಾಡುವ ಹಾಗೆ, ಬೆರಳ ಸಂದಿಯಲ್ಲಿ ಒಂದು ಹನಿ ನೀರು ಬಿಟ್ಟಿತು. ನೈಟಿಗೆ ಒರೆಸಿಕೊಂಡು ಇನ್ನೊಂದನ್ನು ಎತ್ತಿದಳು.

"ದೊಡ್ಡವ್ವ, ಎಲ್ಲಿಂದ ಸುರು ಮಾಡ್ಲಿ?" ಎಂದು ಅವನು ಕೇಳಿದ್ದು ಸೌಮ್ಯಳನ್ನಲ್ಲ, ಅವಳ ತಾಯಿ ಶಿವಲಿಂಗಮ್ಮನನ್ನು.

ದೊಡ್ಡವ್ವ. ಯಾರೂ ಹತ್ತಿರವಿಲ್ಲದಾಗ ಇದೇ ಶಿವಲಿಂಗಮ್ಮ ಅವನಿಗೆ ಅತ್ತೆ. ಇವತ್ತು ಒಳಗೆ ಚಿಕ್ಕಮ್ಮ ಇದ್ದಳು, ಬಿಡದಿಯ ಫ್ಯಾಕ್ಟರಿಯಲ್ಲಿ ಸೌಮ್ಯಳ ಜೊತೆ ಕೆಲಸ ಮಾಡುವ ಅಸ್ರಾ ಇದ್ದಳು. ಅದಕ್ಕೇ ಅತ್ತೆ ದೊಡ್ಡವ್ವಳಾದಳು. ಅವ್ವ ದೊಡ್ಡವ್ವಳಾದರೆ ಮಗಳು ತಂಗಿಯಾಗುತ್ತಾಳೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ, ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತು ಕೈ ಹಿಡಿದುಕೊಂಡದ್ದು ಯಾವ ತಂಗಿಯದೋ ಎಂದು ಕೇಳಿಬಿಡಬೇಕೆನಿಸಿತು. ಶಿವಲಿಂಗಮ್ಮ ಮಾತ್ರ ಗಾಬರಿಬಿದ್ದು ಎದ್ದು, ಬಂದೆಯಾಪ್ಪ, ಬಾಪ್ಪ, ಎಂದು ಸೊಂಟದಲ್ಲಿದ್ದ ಸೆರಗನ್ನು ಬಿಚ್ಚಿ ಸರಿಮಾಡಿಕೊಂಡಳು. ಅವ್ವನ ಆ ಗಾಬರಿ ಸೌಮ್ಯಳಿಗೆ ಅವನು ನಿಂತದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ವಿರೂಪಾಕ್ಷಿಪುರದ ಸುತ್ತಿನ ಆ ಹಳ್ಳಿಗಳಲ್ಲಿ ಹುಳದ ಮನೆಗೆ ಕಂಡಕಂಡವರ ಕಾಲು ಬೀಳಬಾರದು. ರೋಗ ಬರುತ್ತದೆ ಎನ್ನುತ್ತಾರೆ ರೇಷ್ಮೆ ಇಲಾಖೆಯವರು, ಕಣ್ಣು ತಾಗುತ್ತದೆ ಎನ್ನುತ್ತಾರೆ ಹೆಂಗಸರು. ಇಬ್ಬರೂ ಸೇರಿ ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿಸಿದ್ದಾರೆ. ಆದರೆ ಹುಳ ಹಣ್ಣಾದ ದಿನ ಮನೆಯವರ ಕೈ ಸಾಲುವುದಿಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಡಿಸತೊಡಗಿದ ಹುಳವನ್ನು ಆಗಿಂದಾಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಟ್ಟ ಬಿದಿರಿನ ತಡಿಕೆಗೆ, ಬಿಡಬೇಕು. ತಡವಾದರೆ ಅದು ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿಯ ಮಾತಿಲ್ಲ, ಕೈಗೆ ಕೈ. ಗದ್ದೆಗಾದರೆ ಯಾರು ಬೇಕಾದರೂ ಮುಯ್ಯಾಳಾಗಿ ಬರಬಹುದು. ಹುಳದ ಮನೆಗೆ ಬರುವವರು ನೆಂಟರು, ಇಲ್ಲವೇ ಮುಂದೆ ನೆಂಟರಾಗುವವರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸೌಮ್ಯಳ ಅಪ್ಪ ತೀರಿಕೊಂಡ ವರ್ಷವೇ ಅನಂತರಾಜುವಿನ ತಾಯಿ ಯಲ್ಲಮ್ಮ, ನಿನ್ನ ಮಗಳ ಕೈ ಚುರುಕಂತೆ, ನಮ್ಮನೆ ಹುಳಕ್ಕೆ ಒಸಿ ಕಳ್ಸಮ್ಮ, ಎಂದು ಹೇಳಿಕಳಿಸಿದ್ದು. ಮಗ ಮನೆಯಲ್ಲಿ ಬಾಯಿಬಿಟ್ಟಿರಬೇಕು, ತಾಯಿ ಒಪ್ಪಿರಬೇಕು ಎಂದು ತಾಯಿ ಮಗಳಿಬ್ಬರೂ ತಿಳಿದರು. ಶಿವಲಿಂಗಮ್ಮ ಅಂದು ಸಂಜೆಯೇ ದೇವರಿಗೆ ಕಾಯಿ ಒಡೆಸಿದಳು. ಗಂಡು ದಿಕ್ಕಿಲ್ಲದ ಮನೆ, ಒಂದು ಕಡೆಗಾದರೂ ಬೆಳಕು ಕಂಡಿತು ಎಂದು ಅಕ್ಕಪಕ್ಕದವರ ಮುಂದೆ ಅತ್ತಿದ್ದಳು ಕೂಡ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಹುಳ ಹಣ್ಣಾದಾಗಲೆಲ್ಲ ಸೌಮ್ಯ ಫ್ಯಾಕ್ಟರಿಗೆ ರಜೆ ಹಾಕಿ ಹೋದಳು. ಆ ಊರಿನ ಹೆಂಗಸರು ಅವಳನ್ನು ಯಲ್ಲಮ್ಮನ ಸೊಸೆ ಎಂದೇ ಕರೆದರು. ಯಲ್ಲಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೋಗುವಾಗ ಒಂದು ಮೊಳ ಕನಕಾಂಬರ ಕೊಡುತ್ತಿದ್ದಳು, ಮೂಗಿಗೆ ತುಪ್ಪ ಸವರುವುದರಲ್ಲಿ ಆಕೆ ಗಟ್ಟಿಗಿತ್ತಿ. ಇತ್ತ ಸೌಮ್ಯಳ ಮನೆಯಲ್ಲಿ ಹುಳ ಹಣ್ಣಾದರೆ ಅನಂತರಾಜುವಿಗೆ ಹಾರೋಹಳ್ಳಿಯಲ್ಲಿ ಡ್ಯೂಟಿ, ಯಲ್ಲಮ್ಮನಿಗೆ ಮಂಡಿನೋವು. ಈ ಹೊಸ್ತಿಲನ್ನು ಆ ಮನೆಯ ಒಂದು ಕಾಲೂ ದಾಟಿರಲಿಲ್ಲ.

"ಸೌಮ್ಯ, ಇದು ತಲೆ ಎತ್ತಿದೆ, ಇದು ಹಣ್ಣಾ ಕಾಯಾ?" ಅಂದಳು ಅಸ್ರಾ, ಹುಳವನ್ನು ಎರಡು ಬೆರಳಲ್ಲಿ ಆದಷ್ಟು ದೂರ ಹಿಡಿದು. ರಾಮನಗರದಲ್ಲಿ ನೂಲು ಬಿಚ್ಚುವವರ ಮನೆಯ ಹುಡುಗಿ. ಅವಳು ಹುಟ್ಟಿದಾಗಿನಿಂದ ಕಂಡದ್ದು ಗೂಡು ಮತ್ತು ಕುದಿಯುವ ನೀರು. ಜೀವ ಇರುವ ಹುಳವನ್ನು ಮುಟ್ಟಿದ್ದು ಇವತ್ತೇ. "ಎಷ್ಟು ತಣ್ಣಗಿದೆ ಕಣೆ. ಪಾಪ ಅನ್ಸುತ್ತೆ." ಬೇರೆಯವರ ಕಾಲು ಎಂದು ಚಿಕ್ಕಮ್ಮ ಬೆಳಿಗ್ಗೆ ಅವಳನ್ನು ನೋಡಿ ಮುಖ ಸಿಂಡರಿಸಿದ್ದಳು. ನನ್ನ ಜೊತೆ ಬಂದವಳು ಬೇರೆಯವಳು ಹೇಗಾಗ್ತಾಳೆ ಚಿಕ್ಕಮ್ಮ ಎಂದು ಸೌಮ್ಯ ಅಸ್ರಾಳ ಕೈಹಿಡಿದು ಒಳಗೆ ಎಳೆದುಕೊಂಡಿದ್ದಳು. ಒಳಗೆ ಬರಲು ನಿಜವಾಗಿ ಬೇಕಾದ್ದು ಅಷ್ಟೇ, ಯಾರಾದರೂ ಕೈಹಿಡಿದು ಎಳೆಯುವುದು. ಈಗ ಹೊಸ್ತಿಲಾಚೆ ನಿಂತವನು ಅದಕ್ಕಾಗಿ ಕಾಯುತ್ತಿದ್ದಾನೆಯೇ? ಕಾಯಲಿ ಎಂದುಕೊಂಡಳು.

ಕಾಯುವುದರ ಮೇಲೆಯೇ ಇಷ್ಟೆಲ್ಲ ಆದದ್ದು. ದಾರಿ ಕಾಯೋಳಲ್ಲ ನಾನು ಸೋಬಾನೆ, ದಾರಿ ಮಾಡಿಕೊಂಬೋಳು ಸೋಬಾನೆ. ಫ್ಯಾಕ್ಟರಿ ಬಸ್ಸಿನಲ್ಲಿ, ಚನ್ನಪಟ್ಟಣ ಬಿಟ್ಟು ಬಿಡದಿ ಸೇರುವುದರೊಳಗೆ ದಿನಕ್ಕೊಂದು ಸಾಲು ಕಟ್ಟಿ, ಮದುವೆಮನೆಯ ಸೋಬಾನೆ ಧಾಟಿಗೆ ಕೂರಿಸಿ, ಮಹಿಳಾ ದಿನಾಚರಣೆಗೆಂದು ಕ್ಯಾಂಟೀನಿನ ಹಾಲ್‌ನಲ್ಲಿ ಹಾಡಿದ ಹಾಡು. ಅಸ್ರಾ ತಟ್ಟೆ ಬಡಿದಳು, ಸೌಮ್ಯ ಮುಂದೆ ನಿಂತು ಹಾಡಿದಳು. ನನ್ನ ಕೂಲಿಯ ಅನ್ನ ಸೋಬಾನೆ, ನನಗದೇ ಹೋಳಿಗೆ ಸೋಬಾನೆ ಎಂದಾಗ ಅಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ಮ್ಯಾನೇಜರು ಶಾಲು ಹೊದಿಸಿ, ಇಂಥ ಹೆಣ್ಣುಮಕ್ಕಳೇ ನಮ್ಮ ಶಕ್ತಿ ಎಂದ. ಮಾರನೆಯ ವಾರ ಸೂಪರ್‌ವೈಸರು, ನೀನು ಯಾರ ದಾರಿನೂ ಕಾಯಲ್ವಲ್ಲಮ್ಮ, ಮನೆಗೆ ಹೋಗೋಕೇನು ಅವಸರ, ಓವರ್‌ಟೈಮ್ ಮಾಡು, ಎಂದು ನಕ್ಕ. ಸುತ್ತ ಇದ್ದವರೂ ನಕ್ಕರು. ಯಾರೋ ತೆಗೆದ ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಇಂಥೋಳ ಕಟ್ಕೊಂಡೋನ ಪಾಡು ದೇವ್ರಿಗೇ ಪ್ರೀತಿ ಎಂದು ಒಬ್ಬ ಬರೆದ. ಚಿಕ್ಕಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿ, ಗಂಟಲು ಚೆನ್ನಾಗೈತೆ ಕಣೆ, ಆದ್ರೂ ತೆಗ್ಸಾಕು, ಅಂದಳು. ಒಂದು ಹಾಡಿಗೆ ಇಷ್ಟು ಜನ ಇಷ್ಟು ಬಗೆಯಲ್ಲಿ ನೋಯಬಹುದು ಎಂದು ಅದನ್ನು ಕಟ್ಟುವಾಗ ಸೌಮ್ಯಳಿಗೆ ತಿಳಿದಿರಲಿಲ್ಲ.

ಅನಂತರಾಜು ಮೊದಲು ಒಂದು ಕೆಂಪು ಹೃದಯ ಕಳಿಸಿದ್ದ. ಅಂದು ಹಾಡುತ್ತೇನೆಂದು ಅವಳೇ ಅವನಿಗೆ ಹೇಳಿದ್ದಳು, ವೇದಿಕೆ ಇಳಿಯುವಷ್ಟರಲ್ಲಿ ಅದು ಬಂದಿತ್ತು. ಇಳಿದ ಕೂಡಲೇ ಅವಳು ನೋಡಿದ್ದು ಫೋನನ್ನೇ. ಅಸ್ರಾ ಅದನ್ನು ಕಂಡು, ಏನೇ ದಾರಿ ಕಾಯದೋಳೆ, ಮೆಸೇಜು ಕಾಯ್ತಿದ್ದೀಯ, ಎಂದು ಚುಡಾಯಿಸಿದಾಗ ಸೌಮ್ಯಳ ಕಿವಿ ಬಿಸಿಯಾಗಿತ್ತು. ಹಾಡಿದ್ದು ಸುಳ್ಳೇ? ನೂರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಒಂದು ಸುಳ್ಳಿಗೇ? ಅಂದಿನಿಂದ ಅವಳು ಒಳಗೇ ಕಳ್ಳಿಯ ಹಾಗೆ ಓಡಾಡಿದ್ದಳು. ಎರಡು ದಿನ ಕಳೆದ ಮೇಲೆ ಅವನ ಜೊತೆಯವರು, ಏನ್ಲಾ, ನಿನ್ನ ಹುಡ್ಗಿ ನೀನು ಬ್ಯಾಡ ಅಂತ ಹಾಡ್ಬುಟ್ಟವ್ಳೆ, ಎಂದು ಟೀ ಅಂಗಡಿಯಲ್ಲಿ ಆಡಿಕೊಂಡರಂತೆ. ಅವನು ಫೋನು ಮಾಡಿದ. ಅದ ತೆಗ್ಸು ಕಣೆ, ಮದುವೆ ಆಗೋಗ್ಲಿ, ಆಮ್ಯಾಕೆ ಏನಾರ ಹಾಡ್ಕೊ, ಅಂದ. ಮದುವೆ ಯಾವಾಗ ಎಂದು ಕೇಳಿದಳು. ಒಸಿ ತಡಿ, ಅಂದ. ನಾಲ್ಕು ವರ್ಷದಲ್ಲಿ ಅವನು ಅತಿ ಹೆಚ್ಚು ಆಡಿದ ಮಾತು ಅದು. ಅವ್ವನ ಮಂಡಿ ಸರಿಹೋಗಲಿ, ಒಸಿ ತಡಿ. ತಂಗಿಯ ಬಾಣಂತನ ಮುಗಿಯಲಿ, ಒಸಿ ತಡಿ. ಮನೆಗೆ ತಾರಸಿ ಹಾಕಿಸಲಿ, ಒಸಿ ತಡಿ. ದಾರಿ ಕಾಯೋಳಲ್ಲ ಎಂದು ಹಾಡಿದವಳು ಫೋನು ಹಿಡಿದು, ಆಯ್ತು, ಎಂದಿದ್ದಳು. ಆ ಆಯ್ತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊಸ್ತಿಲಲ್ಲಿ ಸುಣ್ಣದ ಪುಡಿ ಕರಕರ ಎಂದಿತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ. ಚಿಕ್ಕಮ್ಮ ಅಕ್ಕನನ್ನು ಮೊಣಕೈಯಿಂದ ತಿವಿದಳು. ಶಿವಲಿಂಗಮ್ಮನ ಕಣ್ಣು ತುಂಬಿಕೊಂಡವು. ಈ ಘಳಿಗೆಯನ್ನು ಸೌಮ್ಯ ಎಷ್ಟು ಸಲ ಕಲ್ಪಿಸಿಕೊಂಡಿದ್ದಳೆಂದರೆ, ನಿಜವಾಗಿ ಬಂದಾಗ ಅದು ಬೇರೆ ಯಾರದೋ ಮನೆಯಲ್ಲಿ ಆಗುತ್ತಿರುವ ಹಾಗೆ ಕಂಡಿತು. ಅವನು ಎದುರಿನ ತಟ್ಟೆಗೆ ಬಂದು ನಿಂತ. ಆಯತೊಡಗಿದ. ಅವನ ಕೈ ಒಳ್ಳೆಯ ಕೈ. ಹುಳವನ್ನು ಹಿಸುಕದೆ, ಅಂಗೈಯಲ್ಲಿ ಗುಂಪು ಮಾಡಿ, ಚಂದ್ರಿಕೆಯ ಮೇಲೆ ಹೂ ಸುರಿದ ಹಾಗೆ ಬಿಡುತ್ತಾನೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅದೇ ಕೈ ಫ್ಲಾಸ್ಕಿನಲ್ಲಿ ಗಂಜಿ ತಂದಿತ್ತು. ಚಳಿಗಾಲದ ಬೆಳಿಗ್ಗೆ ಅವಳನ್ನು ಬಸ್ಸಿಗೆ ಬಿಡಲು ಬಂದು, ತನ್ನ ಜರ್ಕಿನನ್ನು ಅವಳಿಗೆ ತೊಡಿಸಿ, ಅವನು ನಡುಗುತ್ತ ವಾಪಸ್ಸು ಹೋಗುತ್ತಿದ್ದ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದಳು. ಅವಳಿಗೆ ಅವನು ಬೇಕಾಗಿತ್ತು, ಇವತ್ತಿಗೂ ಬೇಕು. ಅದನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಅವಳಿಗೆ ಕಾಣಲಿಲ್ಲ.

ಅವನು ತಾನಾಗಿ ಬಂದವನಲ್ಲ, ಬರುವ ಹಾಗೆ ಮಾಡಿದ್ದು ಅವಳೇ. ಕಳೆದ ಸೋಮವಾರ ಅವನ ಮನೆಯ ಹುಳಕ್ಕೆ ಹೋಗಿದ್ದಳು, ಹಾಡಿನ ಗಲಾಟೆ ಆರಿದೆ ಎಂದುಕೊಂಡು. ಏಳೆಂಟು ಹೆಂಗಸರಿದ್ದರು. ಯಲ್ಲಮ್ಮ ಅವಳ ಕೈಗೆ ಮೊರ ಕೊಡುತ್ತ, "ನಮ್ಮ ಸೋಬಾನೆನ ಹಿಂಗಾ ಕೆಡ್ಸೋದು ನೀನು? ಯಾರೂ ಬ್ಯಾಡ ಅನ್ನೋಳ್ಗೆ ತಾಳಿ ಯಾಕವ್ವ?" ಅಂದಳು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಸೌಮ್ಯ ಎದುರು ತಟ್ಟೆಯಲ್ಲಿದ್ದ ಅನಂತರಾಜುವನ್ನು ನೋಡಿದಳು. ಅವನು ನಕ್ಕ. ತುಟಿ ಬಿಚ್ಚಿ, ಹಲ್ಲು ಕಾಣುವ ಹಾಗೆ, ಆ ಹೆಂಗಸರ ಜೊತೆ ಸೇರಿಕೊಂಡು. "ಹೌದಲ್ವ ಮತ್ತೆ, ನೀನೇ ಹಾಡಿರೋದು. ನಿಂಗೇನು ಅರ್ಜೆಂಟು?" ಅಂದ. ಯಲ್ಲಮ್ಮ ಇನ್ನೂ ಒಂದು ಸೇರಿಸಿದಳು: "ಹುಳ ಆಯಕ್ಕೆ ಬಂದೋರ್ನೆಲ್ಲ ಸೊಸೆ ಮಾಡ್ಕೊಂಡ್ರೆ ನಮ್ಮನೇಲಿ ಜಾಗ ಸಾಲ್ದು."

ತಾವು ಅವ್ವ ಮಗಳು ಎಂಥ ತಪ್ಪು ಮಾಡಿದ್ದೆವು ಎಂದು ಆಗ ತಿಳಿಯಿತು. ಅವರು ಕರೆದದ್ದು ಎರಡು ಕೈಗಳನ್ನು. ಒಡೆಸಿದ ಕಾಯಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು, ಆಮೇಲೆ ಆ ನಾಚಿಕೆಯ ಮೇಲೆಯೇ ಸಿಟ್ಟು ಬಂತು. ಮೊರ ಬಿಸಾಕಿ ಎದ್ದು ಬರಬಹುದಿತ್ತು. ಆದರೆ ಅಂಗೈ ತುಂಬ ಹಣ್ಣುಹುಳ. ಅವು ಯಾರಿಗೇನು ಮಾಡಿದ್ದವು? ಒಂದೊಂದನ್ನೇ ಚಂದ್ರಿಕೆಗೆ ಬಿಟ್ಟಳು. ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಸರಿ ಅತ್ತೆಮ್ಮ. ನಾನು ಸೊಸೆಯಾಗಿ ಬಂದಿಲ್ಲ ಅಂದ್ರೆ ಮುಯ್ಯಾಳಾಗಿ ಬಂದಿವ್ನಿ ಅಂತಾಯ್ತು. ಇಷ್ಟು ದಿನದ ಮುಯ್ಯಿ ಹಂಗೇ ನಿಂತೈತೆ. ಗುರುವಾರ ನಮ್ಮನೆ ಹುಳ ಹಣ್ಣಾಯ್ತವೆ. ನಿಮ್ಮ ಮಗ ಬರ್ಲಿ." ಈ ಸಲ ಯಾರೂ ನಗಲಿಲ್ಲ. ಮುಯ್ಯಿ ತೀರಿಸದ ಮನೆಗೆ ನಾಳೆ ಯಾರ ಕೈಯೂ ಬರುವುದಿಲ್ಲ, ಅದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಆ ಹೆಂಗಸರ ಮುಂದೆಯೇ ಕೇಳಿದ್ದಳು. ಯಲ್ಲಮ್ಮನ ಮುಖ ಕಪ್ಪಿಟ್ಟಿತು.

ಇವತ್ತು ಮಧ್ಯಾಹ್ನ ಚಿಕ್ಕಮ್ಮ ಸೊಪ್ಪು ತರಲು ತೋಟಕ್ಕೆ ಹೋದಳು, ಅಸ್ರಾ ಕೈ ತೊಳೆಯಲು ಹೊರಗೆ ಹೋದಳು. ಶಿವಲಿಂಗಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. "ಸಾರು ಚೆನ್ನಾಗೈತೆ ಅತ್ತೆ," ಅಂದ ಅನಂತರಾಜು. ಆ ಒಂದು ಮಾತಿಗೆ ಅವ್ವನ ಮುಖ ಎಷ್ಟು ಅರಳಿತೆಂದರೆ ಸೌಮ್ಯ ಬೇರೆ ಕಡೆ ತಿರುಗಿಕೊಂಡಳು. ಜನ ಹೋದ ಮೇಲೆ ಹುಟ್ಟಿ ಜನ ಬರುವಷ್ಟರಲ್ಲಿ ಸಾಯುವ ನೆಂಟಸ್ತನ. ಅವನು ಹಿತ್ತಲಿಗೆ ಹೋದಾಗ ಅವ್ವ ಪಿಸುಗುಟ್ಟಿದಳು: "ನೋಡ್ದ್ಯಾ, ಒಳಕ್ಕೆ ಬಂದವ್ನೆ. ಇನ್ನ ನೀನು ಒಸಿ ತಗ್ಗಿ ನಡಿ ಮಗ. ಆ ಹಾಡು ಗೀಡು ಅದೇನದೋ ತೆಗ್ಸಾಕ್ಬುಡು." "ತಗ್ಗಿದ್ದಕ್ಕೇ ಅವ್ವ ಇಷ್ಟು ದಿನ ಅವ್ರು ತಲೆ ಮೇಲೆ ಹತ್ತಿ ಕೂತಿದ್ದು," ಅಂದಳು ಸೌಮ್ಯ. ಶಿವಲಿಂಗಮ್ಮ ಪಾತ್ರೆ ಎತ್ತಿದಳು.

ಮತ್ತೆ ಬಗ್ಗಿ ಆಯುವಾಗ ಅವಳಿಗೆ ಒಂದು ವಿಷಯ ಹೊಳೆಯಿತು, ಹೊಳೆದು ನಗು ಬಂತು. ಎಲ್ಲರೂ ಅವಳನ್ನು ಒಂದೇ ಕಡೆ ಹಿಡಿಯುತ್ತಿದ್ದರು, ಸೂಪರ್‌ವೈಸರಿನಿಂದ ಯಲ್ಲಮ್ಮನವರೆಗೆ. ಒಬ್ಬಳೇ ನಿಲ್ಲಬಲ್ಲೆ ಅಂದೆಯಲ್ಲ, ಹಾಗಾದರೆ ಜೊತೆಗೆ ಬಾ ಎಂದು ಯಾಕೆ ಕೇಳುತ್ತೀಯ? ಇವಳೂ ಆ ಪ್ರಶ್ನೆಗೆ ತಲೆ ಬಾಗಿಸಿ ತಾನೇ ಸುಳ್ಳಿ ಎಂದುಕೊಂಡಿದ್ದಳು. ಸ್ವಂತ ಮನೆಯಲ್ಲಿ ಉಣ್ಣಲು ಇರುವವಳು ನೆಂಟರ ಮನೆಯ ಊಟಕ್ಕೆ ಆಸೆಪಡಬಾರದೇ? ಗತಿಯಿಲ್ಲದವಳು ಮಾತ್ರ ಮದುವೆ ಕೇಳಬೇಕು ಎಂದು ಯಾವ ಶಾಸ್ತ್ರದಲ್ಲಿದೆ? ಹಾಡಿದ್ದೂ ನಿಜ, ವೇದಿಕೆ ಇಳಿದು ಫೋನು ನೋಡಿದ್ದೂ ನಿಜ. ಎರಡನ್ನೂ ಇಟ್ಟುಕೊಳ್ಳುತ್ತೇನೆ, ಏನೀಗ, ಎಂದು ಅವಳು ಒಳಗೊಳಗೇ ಇಡೀ ಊರಿಗೆ ಸವಾಲು ಹಾಕಿದಳು. ಎಷ್ಟೋ ದಿನದ ಮೇಲೆ ಬೆನ್ನು ಹಗುರಾಯಿತು. ಅಸ್ರಾ, ಏನೇ ಒಬ್ಬಳೇ ನಗ್ತೀಯ, ಎಂದು ಕೇಳಿದಳು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಚಂದ್ರಿಕೆಯೂ ತುಂಬಿತು. ತೊಟ್ಟಿಯ ಹತ್ತಿರ ಅನಂತರಾಜು ಕೈ ಒಡ್ಡಿದ, ಅವಳು ಚೊಂಬಿನಲ್ಲಿ ನೀರು ಹಾಕಿದಳು. ಅವನು ದನಿ ತಗ್ಗಿಸಿ ಅಂದ: "ಅವ್ವಂಗೆ ಹೇಳೇ ಬಂದಿವ್ನಿ ಕಣೆ. ಮುಂದಿನ ಸೋಮವಾರ ನಾಕು ಜನ ಕರ್ಕೊಂಡು ಎಲೆ ಅಡಿಕೆ ತತ್ತೀವಿ. ಈ ಸಲ ಒಸಿ ತಡಿ ಅನ್ನಲ್ಲ."

ಚೊಂಬು ವಾಲಿ ನೀರು ಅವನ ಕಾಲ ಮೇಲೆ ಸುರಿಯಿತು. ನಾಲ್ಕು ವರ್ಷ ಈ ಮಾತಿಗಾಗಿ ಅವಳು ಎಷ್ಟು ದೇವರಿಗೆ ಕೈ ಮುಗಿದಿದ್ದಳು. ಹೂಂ ಅನ್ನಲು ಬಾಯಿ ತೆರೆದೇ ಬಿಟ್ಟಿದ್ದಳು.

"ಒಂದೇ ಒಂದು," ಅಂದ ಅವನು. "ಆ ಹಾಡು ತೆಗ್ಸಾಕು. ಆಮ್ಯಾಕೆ ಅವ್ವನ ಮುಂದೆ ಒಂದು ಮಾತು, ತಪ್ಪಾಯ್ತು ಅಂದ್ಬುಡು. ಅಷ್ಟೆಯ."

"ಯಾವ್ದು ತಪ್ಪಾಯ್ತು ಅನ್ಲಿ? ಹಾಡಿದ್ದಾ, ಮುಯ್ಯಿ ಕೇಳಿದ್ದಾ?"

"ಎರಡೂ ಅನ್ಕೊ. ಹೆಂಗಸ್ರ ಮುಂದೆ ಅವ್ವಂಗೆ ಅವಮಾನ ಆಗೈತೆ."

"ನಕ್ಕಿದ್ದು?"

"ಯಾರು ನಕ್ಕಿದ್ದು?"

ಅವನು ನಾಟಕ ಆಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ. ಮೂರು ದಿನದಿಂದ ಅವಳು ಅನ್ನದ ಜೊತೆ ನುಂಗಿದ್ದ ಆ ನಗು ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ನಾಳೆ ಅವನ ಮನೆಯಲ್ಲಿ ಇನ್ನೊಮ್ಮೆ ಹಾಗೆ ನಗುತ್ತಾನೆ, ಅದನ್ನೂ ಮರೆಯುತ್ತಾನೆ, ಮರೆತು ತನಗೆ ಜರ್ಕಿನ್ ತೊಡಿಸುತ್ತಾನೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಚೊಂಬನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟಳು.

"ನಿಮ್ಮನೆ ಮುಯ್ಯಿ ಇವತ್ತಿಗೆ ತೀರ್ತು ರಾಜು. ಇನ್ನ ನಿಮ್ಮನೆ ಹುಳಕ್ಕೆ ನನ್ನ ಕರೀಬ್ಯಾಡ. ಎಲೆ ಅಡಿಕೆನೂ ತರಬ್ಯಾಡ."

"ಏನೇ ಹಂಗಂದ್ರೆ?" ಅವನ ಮುಖ ಬಿಳಚಿಕೊಂಡಿತು. ಸೋತವನಿಗೆ ಕೈಗೆ ಸಿಕ್ಕ ಕಲ್ಲಿನ ಹಾಗೆ ಆ ಮಾತನ್ನೇ ಎತ್ತಿಕೊಂಡ: "ಕೊನೇಗೆ ನಿನ್ನ ಹಾಡೇ ನಿಜ ಆಯ್ತಲ್ಲ. ಯಾರೂ ಬ್ಯಾಡ ನಿಂಗೆ."

"ನೀನು ಬೇಕು ಅಂತ್ಲೇ ನಾಕು ವರ್ಷ ಬಂದೆ. ಬೇಕು ಅಂತ್ಲೇ ಅಷ್ಟು ಜನದ ಮುಂದೆ ಬಾಯಿಬಿಟ್ಟು ಕೇಳ್ದೆ. ಬ್ಯಾಡ ಅನ್ನೋದು ಸುಲಭ ಕಣೋ. ಬೇಕು ಅನ್ನಕ್ಕೆ ಎಷ್ಟು ಗುಂಡಿಗೆ ಬೇಕು ಗೊತ್ತಾ ನಿಂಗೆ? ನೀನು ಜನದ ಮುಂದೆ ಒಂದಿನನೂ ಅನ್ಲಿಲ್ಲ." ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಅವನು ನೋಡಲಿ ಎಂದು ಹಾಗೇ ನಿಂತಳು.

ಅವನು ಅಂಗಳಕ್ಕೆ ನಡೆದ. ಅಲ್ಲಿ ಚಿಕ್ಕಮ್ಮ ಇದ್ದಳು, ಅಸ್ರಾ ಬ್ಯಾಗು ಹಿಡಿದು ಹೊರಟು ನಿಂತಿದ್ದಳು, ಬೇಲಿಯಾಚೆ ಇಬ್ಬರು ನೆರೆಯವರು ಕತ್ತು ಉದ್ದ ಮಾಡಿದ್ದರು. ತೊಟ್ಟಿಯ ಹತ್ತಿರ ಆದದ್ದು ಇವರಾರಿಗೂ ಕೇಳಿಸಿರಲಿಲ್ಲ. ಶಿವಲಿಂಗಮ್ಮ ಕಾಫಿಯ ಲೋಟ ಹಿಡಿದು ಬಂದಳು. ಅವನು ತೆಗೆದುಕೊಳ್ಳಲಿಲ್ಲ, ತಲೆ ತಗ್ಗಿಸಿ, "ಬತ್ತೀನಿ," ಅಂದ.

"ಹೋಗ್ಬುಟ್ಟು ಬಾಪ್ಪ. ಅವ್ವನ್ನೂ ಕರ್ಕೊಂಡು ಬಾ," ಅಂದಳು ಶಿವಲಿಂಗಮ್ಮ.

"ಬಾ ಅನ್ಬ್ಯಾಡ ಕಣವ್ವ," ಅಂದಳು ಸೌಮ್ಯ, ತೊಟ್ಟಿಯ ಕಡೆಯಿಂದ ಬರುತ್ತ.

ಶಿವಲಿಂಗಮ್ಮ ಲೋಟ ಹಿಡಿದ ಕೈಯಲ್ಲೇ ತಿರುಗಿದಳು. ಹೊಸ್ತಿಲಿಂದ ಹೊರಟವರಿಗೆ ಬಾ ಎನ್ನದೆ ಕಳಿಸುವುದು ಆ ಮನೆಯಲ್ಲಿ ಇದುವರೆಗೂ ಆಗಿರಲಿಲ್ಲ. ಬಾಗಿಲಿಗೆ ಬಂದ ಭಿಕ್ಷೆಯವನಿಗೂ, ಜಗಳವಾಡಿಕೊಂಡು ಹೋದ ದಾಯಾದಿಗೂ ಅವಳು ಹೋಗಿ ಬಾ ಎಂದೇ ಅಂದವಳು. ಬೇರೆ ಮಾತು ಅವ್ವನ ಬಾಯಿಗೆ ಬರುವುದಿಲ್ಲ, ಬರಿಸುವುದೂ ಸಲ್ಲ ಎಂದು ಸೌಮ್ಯಳಿಗೆ ಗೊತ್ತಿತ್ತು. ಅವಳು ಅಂಗಳದ ನಡುವಿಗೆ ಬಂದು, ಬೇಲಿಯಾಚೆಯವರಿಗೂ ಕೇಳುವ ಹಾಗೆ, ಅವನ ಮುಖವನ್ನೇ ನೋಡುತ್ತ ಅಂದಳು:

"ಹೋಗು."